ಬೆಳೆಯ ವಯಸ್ಸು ನೋಡಿ ಮಳೆ ಲೆಕ್ಕ ಹಾಕಿ

ಸೆಪ್ಟೆಂಬರ್ 30ಕ್ಕೆ ಮುಂಗಾರಿನ ಲೆಕ್ಕ ಮುಗಿಯುತ್ತದೆ. ಮಾರನೆಯ ದಿನ ಪತ್ರಿಕೆಯಲ್ಲಿ ಒಂದು ಸಾಲು: ಈ ಸಲ ವಾಡಿಕೆಗಿಂತ ಶೇಕಡಾ ಇಷ್ಟು ಹೆಚ್ಚು, ಇಲ್ಲವೇ ಇಷ್ಟು ಕಡಿಮೆ. ಪೇಟೆಯವರು ಓದಿ ‘ಈ ವರ್ಷ ಪರವಾಗಿಲ್ಲ’ ಅಂದುಕೊಳ್ಳುತ್ತಾರೆ. ಬದುವಿನ ಮೇಲೆ ನಿಂತವರಿಗೆ ಆ ಅಂಕಿಯಿಂದ ಬಿಡಿಗಾಸಿನ ಉಪಯೋಗವಿಲ್ಲ. ಹೆಸರುಕಾಯಿ ಒಣಗಿ ಬಿಡಿಸಲು ಬಂದ ವಾರವೇ ಜಡಿಮಳೆ ಹಿಡಿದು ಕಾಳು ಕಾಯೊಳಗೇ ಮೊಳೆತರೂ ಆ ಮಳೆ ಜಮಾ ಆಗುವುದು ‘ಉತ್ತಮ ಮಳೆ’ಯ ಖಾತೆಗೇ.

2023ನ್ನು ನೆನಪಿಸಿಕೊಳ್ಳಿ. ಆ ವರ್ಷ ಮುಂಗಾರು ಕೇರಳಕ್ಕೆ ಬಂದದ್ದು ಜೂನ್ 8ಕ್ಕೆ, ವಾಡಿಕೆಗಿಂತ ಒಂದು ವಾರ ತಡವಾಗಿ. ಜುಲೈನಲ್ಲಿ ಮಳೆ ಹಿಡಿಯಿತು, ಕೂರಿಗೆಗಳು ಹೊಲಕ್ಕಿಳಿದವು, ಪೈರು ಎದ್ದಿತು. ಆಗಸ್ಟ್ ಪೂರಾ ಕೈಕೊಟ್ಟಿತು. 1901ರಿಂದೀಚೆಗೆ ದೇಶ ಅಷ್ಟು ಒಣ ಆಗಸ್ಟ್ ಕಂಡಿರಲಿಲ್ಲ; ಆ ಒಂದೇ ತಿಂಗಳ ಕೊರತೆ ಶೇ 36. ನಾಲ್ಕೂ ತಿಂಗಳು ಕೂಡಿಸಿದಾಗ ದೇಶದ ಮಳೆ ವಾಡಿಕೆಯ ಶೇ 94ಕ್ಕೆ ಬಂದು ನಿಂತಿತು. ಕಾಗದದ ಮೇಲೆ ಕೊರತೆ ಬರೀ ಆರು. ಕರ್ನಾಟಕದ ಕೊರತೆ ಅದಕ್ಕಿಂತ ಜಾಸ್ತಿಯೇ ಇತ್ತು. ಸರ್ಕಾರ ಕಡೆಗೆ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಪೈರು ಹೂವಿಗೆ ಬರುವ, ತೆನೆ ಕಟ್ಟುವ ಹೊತ್ತಿಗೇ ಮಳೆ ನಿಂತಿದ್ದರಿಂದ ಜುಲೈ ಮಳೆ ಬಿತ್ತನೆಗೆ ಬೀಜ, ಗೊಬ್ಬರ, ಕೂಲಿ ಖರ್ಚು ಮಾಡಿಸಿದ್ದೇ ಬಂತು.

ಹೀಗಾಗಿ ಊರಿನ ಬೆಳೆ ಹೇಗಿದೆ ಎಂದು ತಿಳಿಯಬೇಕಾದರೆ ‘ಎಷ್ಟು ಮಳೆ’ ಎಂದು ಕೇಳಿದರೆ ಸಾಲದು. ಬೆಳೆ ಎಷ್ಟು ದಿನದ್ದಿದ್ದಾಗ ಬಂತು, ಎರಡು ಮಳೆಗಳ ನಡುವೆ ಎಷ್ಟು ಬಿಡುವಿತ್ತು, ಮಣ್ಣು ಯಾವುದು ಎಂದು ಕೇಳಬೇಕು. ಸ್ವಂತ ಹೊಲ ಉಳುವವರಿಗೆ ಇದರಲ್ಲಿ ಸ್ವಲ್ಪ ಗೊತ್ತಿರುವುದೇ ಇರಬಹುದು. ಬೆಂಗಳೂರಿನಲ್ಲಿ ಕುಳಿತು ಊರಿನ ಜಮೀನನ್ನು ಫೋನಿನಲ್ಲೇ ಮಾಡಿಸುವವರಿಗೆ, ತೊಗರಿಬೇಳೆ ದರ ಯಾಕೆ ಏರಿತು ಎಂದು ತಲೆ ಕೆರೆದುಕೊಳ್ಳುವವರಿಗೆ ಇದು ಇನ್ನೂ ಹೆಚ್ಚು ಬೇಕಾದ ವಿಷಯ.

ಮೂರು ಕಡೆಯ ಮಳೆ

ಮುಂಗಾರು ಒಂದೇ ಆದರೂ ರಾಜ್ಯದೊಳಗೆ ಅದು ಸುರಿಯುವ ಬಗೆ ಮೂರು. ಕರಾವಳಿಯ ಗುಂಟ ಸಮುದ್ರದ ಮೇಲೆ ಕಡಿಮೆ ಒತ್ತಡದ ಉದ್ದನೆಯ ಪಟ್ಟಿಯೊಂದು ಏಳುತ್ತದೆ. ಅದು ಬಲವಾದಾಗ ಮಂಗಳೂರಿನಿಂದ ಕಾರವಾರದವರೆಗೆ, ಘಟ್ಟದ ಮೇಲೆ ಆಗುಂಬೆಯಲ್ಲಿ, ಮಡಿಕೇರಿಯಲ್ಲಿ ಬಿಡುವಿಲ್ಲದ ಮಳೆ. ಕರಾವಳಿಗೆ ಮುಂಗಾರಿನಲ್ಲೇ 3 ಸಾವಿರ ಮಿಲಿಮೀಟರ್ ಆಸುಪಾಸು ಬೀಳುತ್ತದೆ. ಕಲಬುರಗಿ, ಬೀದರ್, ವಿಜಯಪುರಕ್ಕೆ ಒಳ್ಳೆಯ ಮಳೆ ತರುವುದು ಬಂಗಾಳಕೊಲ್ಲಿಯಲ್ಲಿ ಹುಟ್ಟಿ ಒಳನಾಡಿನತ್ತ ಸರಿಯುವ ವಾಯುಭಾರ ಕುಸಿತ. ಅಲ್ಲಿಗೆ ಮುಂಗಾರಿನಲ್ಲಿ ಸಿಗುವುದು 500 ಮಿ.ಮೀ. ಅಕ್ಕಪಕ್ಕ. ಇನ್ನು ತುಮಕೂರು, ಚಿತ್ರದುರ್ಗ, ಕೋಲಾರದ ಸೀಮೆ ಘಟ್ಟದ ಮಳೆನೆರಳಿನಲ್ಲಿದೆ. ಜೂನ್–ಜುಲೈನಲ್ಲಿ ಅಲ್ಲಿ ಗಾಳಿ ಜೋರು, ಮೋಡ ಓಡಾಟ ಜೋರು, ಹನಿ ಮಾತ್ರ ಕಡಿಮೆ. ಅವರಿಗೆ ನಿಜವಾದ ಮಳೆ ಮೇ ತಿಂಗಳ ಗುಡುಗಿನಲ್ಲಿ, ಆಮೇಲೆ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ.

ಟಿ.ವಿ.ಯಲ್ಲಿ ಕರಾವಳಿಯ ರೆಡ್ ಅಲರ್ಟ್ ನೋಡಿ ಪಾವಗಡದವರು ಬಿತ್ತನೆಗೆ ಹೊರಡುವುದಿಲ್ಲ, ಸರಿ. ಆದರೆ ‘ರಾಜ್ಯದಲ್ಲಿ ಭಾರಿ ಮಳೆ’ ಎಂಬ ತಲೆಬರಹಕ್ಕೆ ಮರುಳಾಗುವವರು ಕಡಿಮೆಯೇನಲ್ಲ. ಕೃಷಿ ವಿಜ್ಞಾನಿಗಳು ಕರ್ನಾಟಕವನ್ನು 10 ಕೃಷಿ ಹವಾಮಾನ ವಲಯಗಳಾಗಿ ಭಾಗ ಮಾಡಿರುವುದು ಈ ಕಾರಣಕ್ಕೇ. ನಿಮ್ಮ ತಾಲ್ಲೂಕು ಯಾವ ವಲಯದ್ದು ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೆ ಹೇಳುತ್ತಾರೆ. ಕೃಷಿ ವಿಶ್ವವಿದ್ಯಾಲಯಗಳ ಶಿಫಾರಸುಗಳೆಲ್ಲ ಆ ವಲಯದ ಲೆಕ್ಕದಲ್ಲೇ ಇರುತ್ತವೆ.

ನದಿದಂಡೆಯವರ ಕಥೆ ಬೇರೆ. ಅವರು ತಮ್ಮ ತಲೆಯ ಮೇಲಿನ ಮೋಡಕ್ಕಿಂತ ಮಹಾರಾಷ್ಟ್ರದ ಮೋಡವನ್ನು ಹೆಚ್ಚು ನೋಡಬೇಕು. ಕೃಷ್ಣೆಯ ದಂಡೆಗೆ ಕೊಯ್ನಾ, ಭೀಮೆಯ ದಂಡೆಗೆ ಉಜನಿ. 2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಉಕ್ಕಿ ಕಲಬುರಗಿ, ಯಾದಗಿರಿ, ವಿಜಯಪುರದ ದಂಡೆಯ ಹೊಲಗಳಿಗೆ ನುಗ್ಗಿದಾಗ ಬಂದ ನೀರಿನಲ್ಲಿ ದೊಡ್ಡ ಪಾಲು ಮೇಲಿನ ಜಲಾಶಯಗಳಿಂದ ಬಿಟ್ಟದ್ದು.

ರೋಹಿಣಿಯಿಂದ ಸ್ವಾತಿಯವರೆಗೆ

ನಮ್ಮ ಮಳೆ ನಕ್ಷತ್ರಗಳು ಸೂರ್ಯನ ಚಲನೆಗೆ ಕಟ್ಟಿದವು. ಹಾಗಾಗಿ ಹಬ್ಬಗಳ ಹಾಗೆ ಹಿಂದೆ ಮುಂದೆ ಆಗದೆ ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತವೆ. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ಕ್ಕೆ ಮೃಗಶಿರ, 22ಕ್ಕೆ ಆರಿದ್ರಾ, ಜುಲೈ 6ಕ್ಕೆ ಪುನರ್ವಸು, 20ಕ್ಕೆ ಪುಷ್ಯ, ಆಗಸ್ಟ್ 3ಕ್ಕೆ ಆಶ್ಲೇಷ, 17ಕ್ಕೆ ಮಘೆ, ತಿಂಗಳ ಕೊನೆಗೆ ಹುಬ್ಬೆ, ಸೆಪ್ಟೆಂಬರ್ ನಡುವಿಗೆ ಉತ್ತರೆ, 27ಕ್ಕೆ ಹಸ್ತ, ಅಕ್ಟೋಬರ್ 11ಕ್ಕೆ ಚಿತ್ತೆ, 24ಕ್ಕೆ ಸ್ವಾತಿ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ.

‘ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ’ ಎಂಬಂಥ ಗಾದೆಗಳನ್ನು ಮುನ್ಸೂಚನೆ ಎಂದು ಓದಿದರೆ ನಿರಾಸೆಯಾಗುತ್ತದೆ. ರೋಹಿಣಿಯಲ್ಲಿ ಮಳೆ ಬಂದೇ ಬರುತ್ತದೆ ಎಂದು ಆ ಮಾತು ಹೇಳುವುದಿಲ್ಲ. ಆ ಹದಿನಾಲ್ಕು ದಿನದಲ್ಲಿ ಹದವಾದರೆ ಜೋಳಕ್ಕೆ ಸಾಕಷ್ಟು ದಿನ ಸಿಗುತ್ತವೆ ಎನ್ನುತ್ತದೆ. ಅಂದರೆ ಅದು ಬೆಳೆಯ ಬೇಡಿಕೆ ಪಟ್ಟಿ. ಹಾಗೆ ಓದಿದರೆ ಇಂದಿಗೂ ಬಲು ಉಪಯುಕ್ತ. ಒಂದು ಎಚ್ಚರಿಕೆ ಬೇಕು: ಗಾದೆ ಕಟ್ಟಿದ ಕಾಲದ ಮುಂಗಾರು ಜೋಳ ಈಗ ಎಷ್ಟೋ ಹೊಲಗಳಿಂದ ಹೋಗಿದೆ. ಆ ಜಾಗದಲ್ಲಿ ಮೆಕ್ಕೆಜೋಳ, ಸೋಯಾ, ಬಿ.ಟಿ. ಹತ್ತಿ ಬಂದು ಕೂತಿವೆ. ಅವುಗಳ ದಿನದ ಲೆಕ್ಕ ಬೇರೆ. ಹಳೆಯ ನಕ್ಷತ್ರಕ್ಕೆ ಹೊಸ ತಳಿಯ ಅವಧಿಯನ್ನು ನೀವೇ ಹೊಂದಿಸಿ ನೋಡಬೇಕು: ಬಿತ್ತಿದ ದಿನಕ್ಕೆ ಹೂವಾಡುವ ದಿನ ಕೂಡಿಸಿ, ಅದು ಯಾವ ನಕ್ಷತ್ರಕ್ಕೆ ಬೀಳುತ್ತದೆ, ಆ ನಕ್ಷತ್ರದಲ್ಲಿ ನಿಮ್ಮೂರಲ್ಲಿ ಸಾಮಾನ್ಯವಾಗಿ ಮಳೆ ಇರುತ್ತದೆಯೇ ಎಂದು ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಟ್ಟುಕೊಳ್ಳಿ. ಬೀಜದ ಚೀಲ ಕೊಳ್ಳುವ ಮುನ್ನ ಮಾಡಬೇಕಾದ ಕೆಲಸ ಇದು.

ಮುನ್ಸೂಚನೆಗೆ ಹವಾಮಾನ ಇಲಾಖೆಯನ್ನೇ ಕೇಳಬೇಕು. ಏಪ್ರಿಲ್‌ನಲ್ಲಿ, ಮತ್ತೆ ಮೇ ಕೊನೆಯಲ್ಲಿ ಇಲಾಖೆ ಹೇಳುವ ‘ವಾಡಿಕೆಯ ಇಷ್ಟು ಶೇಕಡಾ’ ಇಡೀ ದೇಶದ ಅಂದಾಜು. ದೇಶದ ವಾಡಿಕೆ 87 ಸೆಂಟಿಮೀಟರ್; ಶೇ 96ರಿಂದ 104ರವರೆಗೆ ಬಂದರೆ ಅದು ‘ಸಾಮಾನ್ಯ’. ಎಲ್‌ನಿನೊ ವರ್ಷ ಎಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರು ಸೊರಗುವ ಸಂಭವ ಹೆಚ್ಚು. 2009, 2015, 2023 ಅಂಥವು. ಇದು ಸಾಲ ಎಷ್ಟು ಮಾಡಬೇಕು, ಮೇವು ಎಷ್ಟು ಕೂಡಿಡಬೇಕು ಎಂಬ ವಿಚಾರಕ್ಕೆ ಸಾಕು. ಸೋಮವಾರ ಬಿತ್ತಬೇಕೋ ಗುರುವಾರವೋ ಎಂಬುದಕ್ಕೆ ಸಾಲದು. ಬಿತ್ತನೆಗೆ, ಸಿಂಪರಣೆಗೆ, ಕೊಯ್ಲಿಗೆ ಬೇಕಾದದ್ದು ಪ್ರತಿ ಮಂಗಳವಾರ ಮತ್ತು ಶುಕ್ರವಾರ ಜಿಲ್ಲಾವಾರು ಹೊರಡುವ ಕೃಷಿ ಹವಾಮಾನ ಸಲಹೆ. ಮುಂದಿನ ಐದು ದಿನದ ಮಳೆ, ಗಾಳಿ, ತೇವಾಂಶದ ಜೊತೆಗೆ ಯಾವ ಬೆಳೆಗೆ ಏನು ಮಾಡಬೇಕೆಂದೂ ಕನ್ನಡದಲ್ಲೇ ಇರುತ್ತದೆ. ‘ಮೇಘದೂತ್’ ಆ್ಯಪ್‌ನಲ್ಲೂ ಸಿಗುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ. ಅದರ ‘ವರುಣಮಿತ್ರ’ ಸಹಾಯವಾಣಿಗೆ ಕರೆ ಮಾಡಿ ನಿಮ್ಮ ಹೋಬಳಿಯ ಹೆಸರು ಹೇಳಿದರೆ ಸಾಕು. ಗುಡುಗು ಮಿಂಚಿನ ಕಾಲದಲ್ಲಿ ಹೊಲಕ್ಕೆ ಹೋಗುವವರ ಫೋನಿನಲ್ಲಿ ‘ದಾಮಿನಿ’ ಆ್ಯಪ್ ಇರಲಿ. ಅದು ಹತ್ತಿರದಲ್ಲಿ ಸಿಡಿಲು ಬೀಳುವ ಸೂಚನೆ ಕೊಡುತ್ತದೆ.

ಗೇಣುದ್ದ ಅಗೆದು ನೋಡಿ

ಮನೆಯಲ್ಲೇ ಮಳೆ ಅಳೆಯುವುದು ಕಷ್ಟವಿಲ್ಲ. ತಳ ಸಮತಟ್ಟಾಗಿ, ಪಕ್ಕಗಳು ನೆಟ್ಟಗಿರುವ ಡಬ್ಬಿಯೊಂದನ್ನು ಮರ, ಮಾಡು ಅಡ್ಡ ಬರದ ಜಾಗದಲ್ಲಿ ಅಲುಗಾಡದಂತೆ ಇಡಿ. ಬಾಯಿಯ ಅಗಲ ಎಷ್ಟಿದ್ದರೂ ಅಡ್ಡಿಯಿಲ್ಲ. ಬೆಳಿಗ್ಗೆ 8.30ಕ್ಕೆ ಶಾಲೆಯ ಸ್ಕೇಲ್ ಇಳಿಬಿಟ್ಟು ಎಷ್ಟು ಮಿಲಿಮೀಟರ್ ನಿಂತಿದೆ ಎಂದು ಬರೆದು, ನೀರು ಚೆಲ್ಲಿ ಮತ್ತೆ ಇಡಿ. ಹವಾಮಾನ ಇಲಾಖೆಯ ದಿನವೂ 8.30ರಿಂದ 8.30ಕ್ಕೇ ಆದ್ದರಿಂದ ನಿಮ್ಮ ಲೆಕ್ಕವನ್ನು ಅವರದಕ್ಕೆ ತಾಳೆ ನೋಡಬಹುದು. 1 ಮಿ.ಮೀ. ಮಳೆ ಎಂದರೆ ಒಂದು ಎಕರೆಗೆ ಸುಮಾರು 4 ಸಾವಿರ ಲೀಟರ್ ನೀರು. ದಿನಕ್ಕೆ 2.5 ಮಿ.ಮೀ. ದಾಟದಿದ್ದರೆ ಇಲಾಖೆ ಅದನ್ನು ‘ಮಳೆ ದಿನ’ ಎಂದೇ ಎಣಿಸುವುದಿಲ್ಲ. ಧೂಳು ಅಡಗಿದ್ದಕ್ಕೆ ಬಿತ್ತನೆಗೆ ಹೊರಡುವವರು ಇದನ್ನು ನೆನಪಿಡಲಿ.

ಹದ ತಿಳಿಯಲು ಮಾತ್ರ ಡಬ್ಬಿಗಿಂತ ಗುದ್ದಲಿ ಮೇಲು. ಹೊಲದಲ್ಲಿ ಮೂರು ನಾಲ್ಕು ಕಡೆ ಗೇಣುದ್ದ ಅಗೆದು ಅಡಿಯ ಮಣ್ಣನ್ನು ಹಿಡಿಯಷ್ಟು ತೆಗೆದು ಅದುಮಿ ನೋಡಿ. ಉಂಡೆ ಕಟ್ಟಿ, ಬೆರಳಿನಿಂದ ತಟ್ಟಿದರೆ ಒಡೆಯಬೇಕು. ಉಂಡೆಯೇ ಆಗದಿದ್ದರೆ ಮೇಲೆ ಮಾತ್ರ ನೆಂದಿದೆ. ಕೈಗೆ ಮೆತ್ತಿಕೊಂಡರೆ ಇನ್ನೆರಡು ದಿನ ಕಾಯಬೇಕು. ಎರೆಭೂಮಿಯಲ್ಲಾದರೆ ಬೇಸಿಗೆಯ ಬಿರುಕು ಪೂರ್ತಿ ಮುಚ್ಚಿರಬೇಕು. ಬಿರುಕು ತೆರೆದಿದ್ದರೆ ಬಿದ್ದ ನೀರು ಅಲ್ಲಿಂದ ಕೆಳಗಿಳಿದು ಬೀಜಕ್ಕೆ ದಕ್ಕುವುದಿಲ್ಲ. ಮಸಾರಿ ಹೊಲ ಬೇಗ ಹದಕ್ಕೆ ಬರುತ್ತದೆ, ಅಷ್ಟೇ ಬೇಗ ಆರುತ್ತದೆ. ಎರೆ ಹೊಲಕ್ಕೆ ಮಳೆಯಾದ ಮೇಲೆ ಎರಡು ಮೂರು ದಿನ ಕಾಲಿಡಲಾಗದು, ಆದರೆ ಹಿಡಿದ ನೀರನ್ನು ವಾರಗಟ್ಟಲೆ ಬಿಡುವುದಿಲ್ಲ. ಮಳೆಗೆ ಹದಿನೈದು ದಿನ ಬಿಡುವಾದಾಗ ಚಳ್ಳಕೆರೆಯ ಕೆಂಪು ನೆಲದ ಶೇಂಗಾ ಬಾಡಿ ನಿಲ್ಲುವುದಕ್ಕೂ ಗದಗಿನ ಕರಿನೆಲದ ಪೈರು ಹಸಿರಾಗೇ ಇರುವುದಕ್ಕೂ ಇದೇ ಕಾರಣ.

ಮೊದಲ ಮಳೆಗೇ ಆತುರಪಟ್ಟು ಬಿತ್ತಿ, ಮೊಳಕೆ ಬಂದ ಮೇಲೆ ಬಿಸಿಲಿಗೆ ಸುಟ್ಟು, ಮತ್ತೆ ಬೀಜ ಕೊಳ್ಳುವುದು ಒಣಬೇಸಾಯದ ಹಳೆಯ ನಷ್ಟ. ಮೇನಲ್ಲೇ ಮುಂಗಾರು ಬಂದ ವರ್ಷಗಳಲ್ಲಿ ಈ ಅಪಾಯ ಹೆಚ್ಚು. 2025ರಲ್ಲಿ ಅದು ಮೇ 24ಕ್ಕೇ ಕೇರಳ ಮುಟ್ಟಿತು. ಬೇಗ ಬಂದ ಮುಂಗಾರು ಬೇಗ ಹಬ್ಬುತ್ತದೆ, ಹಬ್ಬಿದ್ದು ಬಿಡುವಿಲ್ಲದೆ ಸುರಿಯುತ್ತದೆ ಎಂಬ ನಿಯಮವೇನೂ ಇಲ್ಲ.

ಹೆಸರು ಮತ್ತು ತೊಗರಿ

ಮಳೆಯ ಸಮಯ ಎಷ್ಟು ಮುಖ್ಯ ಎಂದು ತಿಳಿಯಲು ಉತ್ತರ ಕರ್ನಾಟಕದ ಒಂದೇ ಹೊಲದ ಈ ಎರಡು ಬೆಳೆ ಸಾಕು. ಹೆಸರು 65–70 ದಿನದ್ದು. ಮೃಗಶಿರದಲ್ಲಿ ಬಿತ್ತಿದರೆ ಆಗಸ್ಟ್ ನಡುವಿಗೆ ಕಾಯಿ ಕಪ್ಪಾಗುತ್ತದೆ. ಆ ಹೊಲ ಖಾಲಿಯಾದ ಮೇಲೆ ಹಿಂಗಾರಿಗೆ ಬಿಳಿಜೋಳ ಅಥವಾ ಕಡಲೆ. ಗದಗ, ಧಾರವಾಡ, ಬೀದರ್ ಕಡೆ ವರ್ಷದ ಮೊದಲ ದುಡ್ಡು ಕೈಗೆ ಬರುವುದು ಹೆಸರಿನಿಂದಲೇ. ಬಿತ್ತನೆ ಜೂನ್ ದಾಟಿತೆಂದರೆ ಎರಡು ಕಡೆಯಿಂದ ಹೊಡೆತ: ಹಳದಿ ನಂಜು ರೋಗ ಹೆಚ್ಚುತ್ತದೆ, ಹಿಂಗಾರಿಗೆ ಹೊಲ ತಡವಾಗಿ ಬಿಡುಗಡೆಯಾಗುತ್ತದೆ. ಜುಲೈನಲ್ಲಿ ಮಳೆ ಬಂದರೆ ಹೆಸರಿನ ಆಸೆ ಬಿಟ್ಟು ತೊಗರಿ, ಸೂರ್ಯಕಾಂತಿ, ಸಜ್ಜೆಯತ್ತ ತಿರುಗುವುದೇ ಲೇಸು.

ಹೆಸರಿನ ನಿಜವಾದ ಗಂಡಾಂತರ ಇರುವುದು ಆಶ್ಲೇಷ–ಮಘೆಯ ಹದಿನೈದು ಇಪ್ಪತ್ತು ದಿನದಲ್ಲಿ. ಉಳಿದ ಬೆಳೆಗಳಿಗೆ ಅಮೃತವಾಗುವ ಮಘೆ ಮಳೆ ಒಣಗಿದ ಹೆಸರುಕಾಯಿಗೆ ವಿಷ. ಕಾಯಿಯ ಸಿಪ್ಪೆ ಮೆತ್ತಗಾಗಿ ಕಾಳು ಊದಿ ಮೊಳಕೆ ಒಡೆಯುತ್ತದೆ. ಮೊಳಕೆ ಬರದಿದ್ದರೂ ಹೊಳಪು ಹೋಗಿ ಮಂಕಾಗುತ್ತದೆ. ಖರೀದಿದಾರ ಅಂಗೈಯಲ್ಲಿ ಹರಡಿಕೊಂಡು ನೋಡಿದ ಕೂಡಲೇ ದರ ಇಳಿಸುತ್ತಾನೆ. ಐದು ದಿನದ ಮುನ್ಸೂಚನೆಯಲ್ಲಿ ಮಳೆ ಕಂಡರೆ ಎಲ್ಲ ಕಾಯಿ ಒಣಗಲೆಂದು ಕಾಯಬೇಡಿ. ಮುಕ್ಕಾಲು ಪಾಲು ಮಾಗಿದ್ದರೆ ಬಿಡಿಸಿ, ಸೂರಿನಡಿ ತೆಳ್ಳಗೆ ಹರಡಿ ಗಾಳಿಯಾಡಿಸಿ. ಹಸಿಯಿದ್ದಾಗ ತಾಡಪಾಲು ಮುಚ್ಚಿ ರಾಶಿ ಹಾಕಿದರೆ ಒಳಗೆ ಕಾವು ಏರಿ ಎರಡೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ.

ತೊಗರಿ ಐದಾರು ತಿಂಗಳ ಬೆಳೆ. ಹೆಸರು ಕಂಡ ಮಳೆಯನ್ನೆಲ್ಲ ಕಂಡು, ಆಮೇಲೆ ಚಳಿಗಾಲವನ್ನೂ ಕಾಣುತ್ತದೆ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿ ತೊಗರಿಗೆ ಬರ ಅಷ್ಟು ಭಯವಲ್ಲ, ಬೇರು ಆಳಕ್ಕಿಳಿದಿರುತ್ತದೆ. ನಿಂತ ನೀರೇ ಅದಕ್ಕೆ ವೈರಿ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಕರಿನೆಲದಲ್ಲಿ ಮೂರು ನಾಲ್ಕು ದಿನ ನೀರು ನಿಂತರೆ ಬೇರು ಉಸಿರುಗಟ್ಟುತ್ತದೆ. ಅಂಥ ಗಿಡದ ಮೇಲೆ ನೆಟೆ ರೋಗ ಬೇಗ ಎರಗುತ್ತದೆ. ಮೋಸವೆಂದರೆ ಗಿಡ ಒಣಗುವುದು ಆಗಲ್ಲ, ಹೂವು ಕಾಯಿ ತುಂಬಿ ನಿಂತ ನವೆಂಬರ್ ಹೊತ್ತಿಗೆ. 2022ರ ಹಂಗಾಮಿನಲ್ಲಿ ಕಲಬುರಗಿ ಸೀಮೆ ನೆಟೆಯಿಂದ ಭಾರಿ ಪೆಟ್ಟು ತಿಂದಿತು. ಒಣಗಿದ ಗಿಡದ ಕಾಂಡವನ್ನು ಬುಡದಲ್ಲಿ ಸೀಳಿದರೆ ಒಳಗೆ ಕಂದುಗಪ್ಪು ಗೆರೆ ಕಾಣುತ್ತದೆ. ಅದೇ ನೆಟೆಯ ಗುರುತು. ಆಗ ಮದ್ದು ಹೊಡೆದು ಪ್ರಯೋಜನವಿಲ್ಲ. ಕೆಲಸವೆಲ್ಲ ಮೊದಲೇ ಆಗಬೇಕು: ಟಿ.ಎಸ್. 3 ಆರ್‌ನಂಥ ನೆಟೆ ತಡೆಯುವ ತಳಿ, ಟ್ರೈಕೋಡರ್ಮಾ ಬೀಜೋಪಚಾರ, ಇಳಿಜಾರಿಗೆ ಬಸಿಗಾಲುವೆ, ರೋಗ ಬಂದ ಹೊಲಕ್ಕೆ ಮರುವರ್ಷ ಜೋಳ.

ಹೂವಾಡುವಾಗ ತೊಗರಿಗೆ ಮಳೆಗಿಂತ ಮೋಡದ ಕಾಟ ಹೆಚ್ಚು. ಅಕ್ಟೋಬರ್–ನವೆಂಬರ್‌ನಲ್ಲಿ ಬಂಗಾಳಕೊಲ್ಲಿಯ ಚಂಡಮಾರುತ ಯಾವುದೋ ತೀರಕ್ಕೆ ಅಪ್ಪಳಿಸಿದರೂ ಇಲ್ಲಿ ನಾಲ್ಕು ದಿನ ಮೋಡ ಮುಸುಕಿ ಮಂಜು ಬೀಳುತ್ತದೆ. ಹೂ ಉದುರುತ್ತದೆ, ಕಾಯಿಕೊರಕ ಹೆಚ್ಚುತ್ತದೆ. ಸಾಲಿನ ನಡುವೆ ಗೋಣಿತಟ್ಟು ಹಾಸಿ, ಗಿಡ ಬಗ್ಗಿಸಿ ಅಲುಗಾಡಿಸಿ ಕೀಡೆ ಉದುರಿಸುವುದು ಆ ಭಾಗದ ಹಳೆಯ ಪದ್ಧತಿ. ಕೂಲಿ ಸಿಕ್ಕರೆ ಇಂದಿಗೂ ಅದಕ್ಕಿಂತ ಅಗ್ಗದ ಉಪಾಯ ನನಗೆ ಕಂಡಿಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ‘ಪಲ್ಸ್ ಮ್ಯಾಜಿಕ್’ ಅನ್ನು ಅರ್ಧದಷ್ಟು ಹೂವಾದಾಗ ಒಮ್ಮೆ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಲೀಟರಿಗೆ 10 ಗ್ರಾಂನಂತೆ ಸಿಂಪಡಿಸಿದರೆ ಹೂ ಉದುರುವುದು ಕಡಿಮೆಯಾಗುತ್ತದೆ. ಬೆಂಗಳೂರಿನ ದಿನಸಿ ಅಂಗಡಿಯ ಬೇಳೆ ದರ ಬಹುಪಾಲು ಈ ಎರಡು ತಿಂಗಳಲ್ಲೇ ತೀರ್ಮಾನವಾಗುತ್ತದೆ.

ರಾಗಿ, ಶೇಂಗಾ, ಮೆಕ್ಕೆಜೋಳ

ದಕ್ಷಿಣದ ರಾಗಿಗೆ ಇರುವ ದೊಡ್ಡ ಅನುಕೂಲ ತಳಿಗಳ ಆಯ್ಕೆ. ಜುಲೈ ಕೊನೆಯೊಳಗೆ ಬಿತ್ತನೆಯಾದರೆ ಎಂ.ಆರ್. 6ರಂಥ ದೀರ್ಘಾವಧಿ ತಳಿ, ಆಗಸ್ಟ್ ನಡುವಿನವರೆಗೆ ಜಿ.ಪಿ.ಯು. 28, ಇನ್ನೂ ತಡವಾದರೆ ನೂರು ದಿನದೊಳಗೆ ಬರುವ ಜಿ.ಪಿ.ಯು. 48. ಮನೆಯಲ್ಲಿರುವ ಬೀಜ ಯಾವುದೋ ಅದನ್ನೇ ಯಾವಾಗ ಬೇಕಾದರೂ ಬಿತ್ತುವುದರಿಂದಲೇ ಅರ್ಧ ನಷ್ಟ. ಸಾಲುಗಳ ನಡುವೆ ಅಕ್ಕಡಿಯಾಗಿ ತೊಗರಿ, ಅವರೆ, ಹುಚ್ಚೆಳ್ಳು ಹಾಕುವ ಕ್ರಮವನ್ನು ಹಳೆಯದೆಂದು ಬಿಡಬೇಡಿ. ಆಗಸ್ಟ್ ಕೈಕೊಟ್ಟು ರಾಗಿ ಸೊರಗಿದ ವರ್ಷ ಹಸ್ತ–ಚಿತ್ತೆಯ ಮಳೆಗೆ ಅವರೆ, ತೊಗರಿ ಚೇತರಿಸಿಕೊಂಡು ಮನೆ ಖರ್ಚು ನೀಗಿಸುತ್ತವೆ. ರಾಗಿಗೆ ಈಚಿನ ವರ್ಷಗಳಲ್ಲಿ ಬಂದ ಹೊಸ ಭಯ ಕೊಯ್ಲಿನ ಮಳೆ. 2021ರ ನವೆಂಬರ್‌ನಲ್ಲಿ ಅಕಾಲಿಕವಾಗಿ ಸುರಿದದ್ದು ತುಮಕೂರು, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ನೆಲಕ್ಕೊರಗಿದ ತೆನೆಯಲ್ಲೇ ಮೊಳಕೆ ಬರಿಸಿತು. ಆ ತಿಂಗಳಲ್ಲಿ ಕೊಯ್ದ ರಾಗಿಯನ್ನು ಹೊಲದಲ್ಲಿ ಹರವಿ ಬಿಡುವ ಮುನ್ನ ಬಂಗಾಳಕೊಲ್ಲಿಯ ಸುದ್ದಿ ಕೇಳಿ.

ಚಳ್ಳಕೆರೆ, ಪಾವಗಡ, ಮೊಳಕಾಲ್ಮುರಿನ ಶೇಂಗಾದಲ್ಲಿ ನೋಡಬೇಕಾದದ್ದು ಬಿತ್ತಿ 35ರಿಂದ 60 ದಿನದ ಅವಧಿ. ಹೂವು ಮುಗಿದ ಮೇಲೆ ಸೂಜಿಯಂಥ ಮೊನೆ ಕೆಳಗಿಳಿದು ಮಣ್ಣು ಹೊಕ್ಕರೆ ಮಾತ್ರ ಕಾಯಿ. ಆಗ ಮೇಲ್ಮಣ್ಣು ಗಟ್ಟಿಯಾಗಿದ್ದರೆ ಮೊನೆ ಗಾಳಿಯಲ್ಲೇ ಒಣಗುತ್ತದೆ. ಗಿಡ ಹಚ್ಚಗೆ ಚೆಂದವಾಗಿ ಕಂಡರೂ ಕಿತ್ತಾಗ ಬುಡದಲ್ಲಿ ನಾಲ್ಕೇ ಕಾಯಿ. ಆ ಹಂತ ಬರುವ ಮೊದಲೇ ಎಡೆಕುಂಟೆ ಹೊಡೆದು ಜಿಪ್ಸಂ ಕೊಟ್ಟು ಬುಡ ಸಡಿಲ ಮಾಡಬೇಕು, ಆಮೇಲೆ ಕುಂಟೆ ಹಾಕಿದರೆ ಇಳಿದ ಮೊನೆಗಳು ಕಿತ್ತುಬರುತ್ತವೆ. ಕೊನೆಯ ತಿಂಗಳು ಬರ ಬಿದ್ದು ಕಿತ್ತ ಮೇಲೆ ನೆನೆದರೆ ಕಾಯಿಗೆ ವಿಷದ ಬೂಸ್ಟು ಹಿಡಿಯುವ ಅಪಾಯವಿದೆ. ಅಂಥ ಕಾಯನ್ನು ಎಣ್ಣೆಗಾಗಲಿ ದನಕ್ಕಾಗಲಿ ಬಳಸಬಾರದು.

ದಾವಣಗೆರೆ, ಹಾವೇರಿಯ ಮೆಕ್ಕೆಜೋಳಕ್ಕೆ ಮೊದಲ ತಿಂಗಳು ನೀರು ನಿಲ್ಲಬಾರದು, ಸೂಲಂಗಿ ಹೊರಬರುವ 55–60ನೇ ದಿನದಲ್ಲಿ ನೀರು ತಪ್ಪಬಾರದು. ತೆನೆಯಲ್ಲಿ ಅಲ್ಲಲ್ಲಿ ಕಾಳಿಲ್ಲದ ಹಲ್ಲು ಕಂಡರೆ ಆ ವಾರ ಮಳೆ ತಪ್ಪಿತ್ತೆಂದೇ ಅರ್ಥ. ಶಿವಮೊಗ್ಗದಲ್ಲಿ 2018ರ ಮೇನಲ್ಲಿ ದೇಶದಲ್ಲೇ ಮೊದಲು ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಮಳೆ ಬಿಡುವು ಕೊಟ್ಟಾಗ ಸುಳಿಯೊಳಗೆ ಹೆಚ್ಚುತ್ತದೆ. ಹತ್ತು ದಿನ ಒಣಹವೆ ಎಂದರೆ ಸುಳಿ ಬಿಡಿಸಿ ನೋಡುವ ದಿನ ಬಂತೆಂದು ತಿಳಿಯಿರಿ.

ಘಟ್ಟದ ಮೇಲೆ, ಕಾಲುವೆಯ ಕೆಳಗೆ

ಅಡಿಕೆ ತೋಟದ ಕೊಳೆರೋಗಕ್ಕೆ ಬೋರ್ಡೋ ಸಿಂಪರಣೆಯನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಪ್ರಚಾರಕ್ಕೆ ತಂದು ನೂರು ವರ್ಷ ದಾಟಿತು. ಆ ರೋಗದ ಬಗ್ಗೆ ಅವರ ವರದಿ ಬಂದದ್ದು 1910ರಲ್ಲಿ. ಇಂದಿಗೂ ಅದೇ ಮದ್ದು, ಅದೇ ತಪ್ಪುಗಳು. ಶೇ 1ರ ದ್ರಾವಣಕ್ಕೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗಾಮುರುಗಾ ಮಾಡಬಾರದು. ಹೊಳೆಯುವ ಚಾಕುವಿನ ಅಲಗನ್ನು ಅದ್ದಿ ತೆಗೆದಾಗ ತಾಮ್ರದ ಕೆಂಪು ಅಂಟಿದರೆ ಸುಣ್ಣ ಸಾಲದು. ಮೊದಲ ಸಿಂಪರಣೆ ಮುಂಗಾರು ಹಿಡಿಯುವ ಮುನ್ನ, ಎರಡನೆಯದು 40–45 ದಿನಕ್ಕೆ. ಎರಡನೆಯದಕ್ಕೆ ಬಿಸಿಲು ಕಾಣುವುದೇ ಕಷ್ಟ. ಮಂಗಳವಾರದ ಬುಲೆಟಿನ್ ಎರಡು ದಿನದ ಬಿಡುವು ತೋರಿಸಿದರೆ ಮರ ಹತ್ತಿ ಸಿಂಪಡಿಸುವ ಕೊನೆಗೌಡರನ್ನು ಅಂದೇ ಗೊತ್ತುಮಾಡಿ.

ಕಾಫಿಗೆ ಮುಂಗಾರಿಗಿಂತ ಮೊದಲೇ ಮಳೆ ಶುರು. ಫೆಬ್ರುವರಿ–ಮಾರ್ಚ್‌ನ ಹೂಮಳೆ, ಎರಡು ಮೂರು ವಾರ ಬಿಟ್ಟು ಅದಕ್ಕೊಂದು ಬೆಂಬಲ ಮಳೆ. ಇವೆರಡು ಸರಿಯಾದರೆ ಅರ್ಧ ಫಸಲು ನಿಂತಿತು. ಜುಲೈ–ಆಗಸ್ಟ್‌ನಲ್ಲಿ ಮಣ್ಣು ನೀರು ಕುಡಿದು ತುಂಬಿದರೆ ಎಳೆಕಾಯಿ ಉದುರುತ್ತದೆ, ನವೆಂಬರ್ ಮಳೆಗೆ ಹಣ್ಣು ಬಿರಿಯುತ್ತದೆ, ಕಣದಲ್ಲಿದ್ದದ್ದು ಒಣಗುವುದಿಲ್ಲ.

ತುಂಗಭದ್ರೆಯ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರಿನ ಭತ್ತದ ಭವಿಷ್ಯ ಬರೆಯುವುದು ಶಿವಮೊಗ್ಗ, ಚಿಕ್ಕಮಗಳೂರಿನ ಮಳೆ. ಮಂಡ್ಯದ್ದು ಕೊಡಗಿನ ಮಳೆ. ತುಂಗಭದ್ರಾ ಜಲಾಶಯದ ಮಟ್ಟ 1,633 ಅಡಿ ಮುಟ್ಟಿತೇ, ಕೆ.ಆರ್.ಎಸ್. 124.80 ಅಡಿಗೆ ಬಂತೇ ಎಂಬುದು ಅಲ್ಲಿನವರ ನಿತ್ಯದ ಮಾತು. ಸಸಿಮಡಿ ಹಾಕುವುದು ನೀರಾವರಿ ಸಲಹಾ ಸಮಿತಿ ನೀರು ಬಿಡುವ ದಿನ ಗೊತ್ತುಮಾಡಿದ ಮೇಲೆ ಇರಲಿ. ತುಂಬಿದ ಅಣೆಕಟ್ಟೂ ಖಾತರಿಯಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟಿನ ಸರಪಳಿ ತುಂಡಾಗಿ ನೀರು ಹರಿದುಹೋಯಿತು. ಮೇಲಿನ ಮಳೆ ಮತ್ತೆ ಬಂದು ಜಲಾಶಯ ತುಂಬಿದ್ದು ಆ ವರ್ಷದ ಪುಣ್ಯ.

ಮಳೆ ನಿಂತಾಗ, ನಿಲ್ಲದಿದ್ದಾಗ

ಹತ್ತು ದಿನ ಮಳೆ ಇಲ್ಲ, ಮುಂದೆಯೂ ಕಾಣುತ್ತಿಲ್ಲ ಎಂದಾಗ ಮೊದಲ ಕೆಲಸ ಎಡೆಕುಂಟೆ. ಮೇಲಿನ ಎರಡಂಗುಲ ಮಣ್ಣು ಪುಡಿಯಾದರೆ ಕೆಳಗಿನ ತೇವ ಆರುವುದು ನಿಧಾನವಾಗುತ್ತದೆ, ನೀರು ಕದಿಯುವ ಕಳೆಯೂ ಹೋಗುತ್ತದೆ. ಒಣ ನೆಲಕ್ಕೆ ಯೂರಿಯಾ ಎರಚಬೇಡಿ. ಬಾಡುವ ಪೈರಿಗೆ ಲೀಟರಿಗೆ 20 ಗ್ರಾಂ ಯೂರಿಯಾ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಬಹುದು. ಕೃಷಿಹೊಂಡದ ನೀರನ್ನು ಎಲ್ಲ ಎಕರೆಗೂ ಹಂಚಲು ಹೋಗದೆ ಹೂವಾಡುವ ತಾಕಿಗೆ ಮಾತ್ರ ಒಂದು ಸಲ ಕೊಡಿ.

ವಿಜಯಪುರದ ಬಿಳಿಜೋಳದವರು ಇನ್ನೂ ಮುಂದೆ ಯೋಚಿಸುತ್ತಾರೆ. ಜೂನ್–ಜುಲೈನಲ್ಲೇ ಖಾಲಿ ಹೊಲದಲ್ಲಿ ಚೌಕುಮಡಿ ಕಟ್ಟಿ ಬಿದ್ದ ಮಳೆಯನ್ನೆಲ್ಲ ಅಲ್ಲೇ ಇಂಗಿಸಿ, ಹುಬ್ಬೆ–ಉತ್ತರೆಯ ನಂತರ ಬಿತ್ತುತ್ತಾರೆ. ಆಮೇಲೆ ಒಂದು ಹನಿ ಬೀಳದಿದ್ದರೂ ಮಾಲದಂಡಿ ಜೋಳ ಆ ತೇವದ ಮೇಲೆಯೇ ತೆನೆ ಹಿರಿಯುತ್ತದೆ.

ಅತಿಮಳೆಯಾದಾಗ ನೀರು ಹೊರಗೆ ಬಿಡುವುದೊಂದೇ ಮೊದಲ ಕೆಲಸ, ಅದೂ ಒಂದೆರಡು ದಿನದೊಳಗೆ. ಗೊಬ್ಬರ, ಮದ್ದು ಆಮೇಲೆ. ಹೊಲ ಕಾಲಿಡುವಷ್ಟು ಆರಿದ ಮೇಲೆ ಹಳದಿಯಾದ ಎಳೆಯ ಪೈರಿಗೆ ಸ್ವಲ್ಪ ಮೇಲುಗೊಬ್ಬರ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ಪಕ್ಕದ ಹೊಲಕ್ಕೆ ನೀರು ನುಗ್ಗಿಸಿ ಜಗಳ ತಂದುಕೊಳ್ಳುವ ಬದಲು ಬಸಿಗಾಲುವೆಯ ದಾರಿಯನ್ನು ಬೇಸಿಗೆಯಲ್ಲೇ ನೆರೆಯವರೊಡನೆ ಕೂತು ಮಾತಾಡಿಕೊಳ್ಳಿ.

ವಿಮೆಗೆ 72 ಗಂಟೆ

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಶುರುವಾದದ್ದು 2016ರಲ್ಲಿ. ರೈತರ ಪಾಲಿನ ಕಂತು ಮುಂಗಾರಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಕೊನೆಯ ದಿನ ಬೆಳೆ, ಜಿಲ್ಲೆ ನೋಡಿ ಬೇರೆಯಾಗುತ್ತದೆ. ಹೆಸರಿಗೆ ಉಳಿದವಕ್ಕಿಂತ ಮೊದಲೇ ಮುಗಿಯುವುದುಂಟು.

ಪರಿಹಾರದ ಲೆಕ್ಕ ನಿಮ್ಮ ಹೊಲದ್ದಲ್ಲ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ ಘಟಕ. ಅಲ್ಲಿ ಮಾಡಿದ ಬೆಳೆ ಕಟಾವು ಪ್ರಯೋಗದ ಸರಾಸರಿ ಇಳುವರಿ ನಿಗದಿತ ಮಟ್ಟಕ್ಕಿಂತ ಇಳಿದರೆ ಮಾತ್ರ ಹಣ. ಇದಕ್ಕೆ ಹೊರತಾದ ಎರಡು ಸಂದರ್ಭ ನೆನಪಿರಲಿ. ಆಲಿಕಲ್ಲು, ಭೂಕುಸಿತ, ಮೇಘಸ್ಫೋಟ, ಹೊಲ ಜಲಾವೃತವಾಗುವಂಥ ಸ್ಥಳೀಯ ವಿಕೋಪಕ್ಕೆ ನಿಮ್ಮ ಹೊಲದ ನಷ್ಟವನ್ನೇ ನೋಡುತ್ತಾರೆ. ಭತ್ತದಂಥ ನೀರಿನ ಬೆಳೆಗೆ ಜಲಾವೃತದ ನಿಯಮ ಬೇರೆ, ಆಯಾ ವರ್ಷದ ಅಧಿಸೂಚನೆಯಲ್ಲಿ ನೋಡಿಕೊಳ್ಳಿ. ಎರಡನೆಯದು, ಕೊಯ್ದು ಒಣಗಲು ಹೊಲದಲ್ಲೇ ಬಿಟ್ಟ ಬೆಳೆ 14 ದಿನದೊಳಗೆ ಅಕಾಲಿಕ ಮಳೆಗೆ ಸಿಕ್ಕರೆ. ಎರಡರಲ್ಲೂ 72 ಗಂಟೆಯೊಳಗೆ ವಿಮಾ ಕಂಪನಿಗೆ, ಬ್ಯಾಂಕಿಗೆ ಅಥವಾ 14447 ಸಹಾಯವಾಣಿಗೆ ದೂರು ದಾಖಲಾಗಬೇಕು. ನೀರು ಇಳಿದ ಮೇಲೆ ಫೋಟೊ ತೆಗೆದರೆ ಸಾಕ್ಷಿ ಉಳಿಯುವುದಿಲ್ಲ. ನಿಂತಿರುವಾಗಲೇ, ಗುರುತು ಸಿಗುವ ಮರ ಅಥವಾ ಬಾವಿ ಜೊತೆಗಿರುವಂತೆ ತೆಗೆಯಿರಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಅಡಿಕೆ, ಕಾಳುಮೆಣಸು, ದಾಳಿಂಬೆಯಂಥವಕ್ಕೆ ಹವಾಮಾನ ಆಧಾರಿತ ವಿಮೆ. ಅಲ್ಲಿ ಎಷ್ಟು ಕಾಯಿ ಉದುರಿತೆಂದು ಯಾರೂ ಬಂದು ಎಣಿಸುವುದಿಲ್ಲ, ಮಳೆಮಾಪಕದ ಅಂಕಿಯೇ ಅಂತಿಮ. ಹಾಗಾಗಿ ನಿಮ್ಮ ಪಂಚಾಯಿತಿಯ ಮಾಪಕ ಕೆಟ್ಟು ನಿಂತಿದ್ದರೆ ಜೂನ್‌ನಲ್ಲೇ ಬರವಣಿಗೆಯಲ್ಲಿ ದೂರು ಕೊಡಿ, ಮಳೆಗಾಲ ಮುಗಿದ ಮೇಲೆ ಯಾರೂ ಕೇಳುವುದಿಲ್ಲ.

ಬಹಳ ಅರ್ಜಿಗಳು ಬೀಳುವುದು ಮಳೆಯಿಂದಲ್ಲ, ದಾಖಲೆಯಿಂದ. ವಿಮೆ ತೊಗರಿಗೆ, ‘ಬೆಳೆ ಸಮೀಕ್ಷೆ’ಯಲ್ಲಿ ದಾಖಲಾದದ್ದು ಹತ್ತಿ ಎಂದಾದರೆ ಅರ್ಜಿ ತಿರಸ್ಕೃತ. ಮಳೆ ತಡವಾಗಿ ಬೆಳೆ ಬದಲಿಸಿದ ವರ್ಷಗಳಲ್ಲೇ ಈ ತಾಳೆ ತಪ್ಪುವುದು ಹೆಚ್ಚು. ಬೆಳೆ ಬದಲಾದರೆ ಬ್ಯಾಂಕಿಗೆ ಗಡುವಿನೊಳಗೆ ತಿಳಿಸಿ, ಸಮೀಕ್ಷೆಯ ಆ್ಯಪ್‌ನಲ್ಲಿ ಸರ್ವೆ ನಂಬರಿನ ಎದುರು ಯಾವ ಬೆಳೆಯ ಹೆಸರಿದೆ ಎಂದು ನೀವೇ ತೆರೆದು ನೋಡಿ. ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸಲು ಅದರಲ್ಲೇ ಅವಕಾಶವಿದೆ.